ನಮ್ಮ ಮನೆಯ ವಿದ್ಯುದ್ರಥ

ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, 2023ರಲ್ಲಿ ನಿವೃತ್ತರಾಗಿ ಮನೆ ಸೇರಿದ ನಾವು ವಿದ್ಯುತ್ತಿನ ವಿಷಯವಾಗಿ ಲೇಖನಿ ಹಿಡಿಯುವೆವೆಂದು ನಮ್ಮ ಶಿಷ್ಯರಲ್ಲಿ ಯಾರೂ ಎಣಿಸಿರಲಾರರು. ವಿದ್ಯುತ್ ಎಂಬ ಶಬ್ದವು ‘ದ್ಯುತ್’ ಎಂಬ ಧಾತುವಿನಿಂದ ಬಂದುದು, ವಿಶೇಷವಾಗಿ ಹೊಳೆಯತಕ್ಕದ್ದೆಂದು ಅದರ ಅರ್ಥ. ಇಷ್ಟಕ್ಕೇ ಆ ವಿಷಯದಲ್ಲಿ ನಮ್ಮ ಪಾಂಡಿತ್ಯವು ಮುಗಿಯುತ್ತಿದ್ದಿತು. ಆದರೆ 2024ರ ಮಾಘಮಾಸದ ಒಂದು ರಾತ್ರಿ ನಮ್ಮ ಮನೆಯಲ್ಲಿ ನಡೆದುಹೋದ ಸಂಗತಿಯು ನಮ್ಮನ್ನು ಪುನಃ ವಿದ್ಯಾರ್ಥಿಯನ್ನಾಗಿ ಮಾಡಿತು. ಅದನ್ನು ಹೇಳಿಕೊಳ್ಳುವುದು ನಮಗೆ ಅಷ್ಟೇನೂ ಗೌರವದ ವಿಷಯವಲ್ಲ. ಆದಾಗ್ಯೂ ಈಗ ಬೀದಿಗೆ ನಾಲ್ಕು ಮನೆಗಳಲ್ಲಿ ಇಂಥ ವಾಹನಗಳು ಬಂದು ನಿಂತಿರುವುದರಿಂದ, ವಾಚಕ ಮಹಾಶಯರಲ್ಲಿ ಒಬ್ಬಿಬ್ಬರಿಗಾದರೂ ಇದು ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇವೆ.

ನಮ್ಮದು ಮೈಸೂರಿನ ಹಳೆಯ ಅಗ್ರಹಾರದ ಮನೆ. ಬೀದಿಯ ಕಡೆಗೆ ಜಗಲಿ, ಅದನ್ನು ದಾಟಿದರೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಬಾವಿಯುಳ್ಳ ಹಿತ್ತಿಲು. ಹಿತ್ತಿಲ ಮೂಲೆಯಲ್ಲಿ ನಮ್ಮ ತಂದೆಯವರ ಕಾಲದಲ್ಲಿ ಹಸು ಕಟ್ಟುತ್ತಿದ್ದ ಹೆಂಚಿನ ಕೊಟ್ಟಿಗೆ ಉಂಟು. ಮನೆಯಲ್ಲಿ 84 ವರ್ಷದ ನಮ್ಮ ತಾಯಿಯವರು, ನಮ್ಮ ಗೃಹಿಣಿ, ಸೊಸೆ, ಏಳು ವರ್ಷದ ಮೊಮ್ಮಗ. ಮಗನು ಹೊಸೂರಿನಲ್ಲಿ ಕೆಲಸದಲ್ಲಿದ್ದು ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಜಾವ ಹೊರಟುಹೋಗುವನು. ಸೊಸೆಯು ಒಂದು ಆಸ್ಪತ್ರೆಯಲ್ಲಿ ದಾದಿಯಾಗಿರುವಳು. ಹೋಗಿಬರಲು ದಿನಕ್ಕೆ 22 ಕಿಲೋಮೀಟರು. ನಿವೃತ್ತಿಯ ಹಣ ಬಂದಾಗ ಆಕೆಗೊಂದು ವಿದ್ಯುತ್ ಸ್ಕೂಟರನ್ನು ಕೊಡಿಸೋಣವೆಂದು ನಾವೇ ಮುಂದಾಗಿ, ಆ ವರ್ಷದ ವಿಜಯದಶಮಿಯ ದಿನ ಅದನ್ನು ಮನೆಗೆ ತಂದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ‘ವಿದ್ಯುದ್ರಥ’ವೆಂದು ಅದಕ್ಕೆ ನಾಮಕರಣವನ್ನೂ ಮಾಡಿದೆವು. ಮೊಮ್ಮಗನೊಬ್ಬನೇ ಆ ಹೆಸರನ್ನು ಎರಡು ದಿನ ಬಳಸಿದನು.

ಮನೆಯ ಮುಂದೆ ವಾಹನ ನಿಲ್ಲಿಸಲು ಸ್ಥಳವಿಲ್ಲ. ಆದುದರಿಂದ ಜಗಲಿಯ ಮೆಟ್ಟಿಲಿಗೆ ಹಲಗೆಯೊಂದನ್ನು ಓರೆಯಾಗಿ ಇಟ್ಟು, ಪ್ರತಿ ಸಂಜೆ ಸ್ಕೂಟರನ್ನು ಪಡಸಾಲೆಗೆ ಏರಿಸಿ, ಬೀದಿಬಾಗಿಲನ್ನು ಮುಚ್ಚಿ, ಅದರ ಒಳಮಗ್ಗುಲಿಗೆ ವಾಹನವನ್ನು ಅಡ್ಡವಾಗಿ ನಿಲ್ಲಿಸುವುದು ರೂಢಿಯಾಯಿತು. ಕಳ್ಳರ ಭಯವೂ ಇಲ್ಲ, ಮಳೆಯ ಭಯವೂ ಇಲ್ಲವೆಂದು ನಮಗೆ ಬಹಳ ಸಮಾಧಾನ. ಅದೇ ಪಡಸಾಲೆಯಲ್ಲಿ ನಮ್ಮ ತಾಯಿಯವರ ಮಂಚ. ಮೊಮ್ಮಗನು ಕಥೆ ಕೇಳುತ್ತ ಮುತ್ತಜ್ಜಿಯ ಪಕ್ಕದಲ್ಲಿಯೇ ನಿದ್ರೆಹೋಗುವನು.

ರಾತ್ರಿ ಒಂಬತ್ತಕ್ಕೆ ಚಾರ್ಜರನ್ನು ಪ್ಲಗ್ಗಿಗೆ ಸಿಕ್ಕಿಸುವ ಕೆಲಸವನ್ನು ನಾವು ವಹಿಸಿಕೊಂಡೆವು. ಬೆಳಗಾಗುವವರೆಗೆ ಅದು ಹಾಗೆಯೇ ಇರುತ್ತಿದ್ದಿತು. ಬೆಳಿಗ್ಗೆ ನೋಡಿದರೆ ನೂರಕ್ಕೆ ನೂರು. ತುಂಬಿದ ಕೊಡವನ್ನು ಕಂಡಷ್ಟು ಸಂತೋಷವಾಗುತ್ತಿದ್ದಿತು. ಈ ಪದ್ಧತಿಯನ್ನು ನಾವು ಎಲ್ಲಿಂದ ಕಲಿತೆವೆಂಬುದನ್ನು ಹೇಳಬೇಕು, ಏಕೆಂದರೆ ತಪ್ಪಿನ ಬೇರು ಅಲ್ಲಿಯೇ ಇರುವುದು.

ನಮ್ಮ ಮನೆಯಲ್ಲಿ ಹದಿನೈದು ವರ್ಷಗಳಿಂದ ಯು.ಪಿ.ಎಸ್. ಉಂಟು. ಅದರ ಬ್ಯಾಟರಿಯು ಸೀಸವೂ ಗಂಧಕಾಮ್ಲವೂ ಸೇರಿ ಆದುದು. ಫ್ರಾನ್ಸ್ ದೇಶದ ಪ್ಲಾಂಟೆ ಎಂಬಾತನು 1859ರಲ್ಲಿ ಕಂಡುಹಿಡಿದ ಜಾತಿಯದು. ಈ ಸೀಸದ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಬಹಳ ದಿನ ಬಿಟ್ಟರೆ ಅದರ ಫಲಕಗಳ ಮೇಲೆ ಗಟ್ಟಿಯಾದ ಹರಳು ಕಟ್ಟಿಕೊಂಡು ಶಕ್ತಿಯು ಕುಂದುವುದು. ಅದು ಸದಾ ತುಂಬಿರಬೇಕು. ಅದೇ ಅದರ ಆರೋಗ್ಯ. ಇದಲ್ಲದೆ, ಮೊದಮೊದಲಿನ ಮೊಬೈಲು ಫೋನುಗಳಲ್ಲಿ ಇದ್ದ ನಿಕ್ಕಲ್ಲಿನ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ಪೂರ್ತಿ ತುಂಬಬೇಕೆಂದು ಅಂಗಡಿಯವನು ಹೇಳಿದ್ದ ಮಾತೂ ನಮ್ಮ ನೆನಪಿನಲ್ಲಿದ್ದಿತು. ಈ ಎರಡು ಸೂತ್ರಗಳನ್ನು ಹಿಡಿದು ನಾವು ಲಿಥಿಯಮ್ಮಿಗೂ ಭಾಷ್ಯ ಬರೆದೆವು. ತರ್ಕಶಾಸ್ತ್ರದಲ್ಲಿ ಅತಿವ್ಯಾಪ್ತಿಯೆಂಬ ದೋಷವನ್ನು ಹೇಳುತ್ತಾರೆ. ಒಂದು ವಸ್ತುವಿಗೆ ಹೇಳಿದ ಲಕ್ಷಣವನ್ನು ಅದು ಸಲ್ಲದ ಇನ್ನೊಂದರ ಮೇಲೂ ಹೊದಿಸುವುದು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಈ ದೋಷವನ್ನು ಕೆಂಪು ಶಾಯಿಯಿಂದ ಗುರುತುಮಾಡುತ್ತಿದ್ದ ನಾವು, ಮನೆಯ ಪಡಸಾಲೆಯಲ್ಲಿ ನಾಲ್ಕು ತಿಂಗಳು ಅದನ್ನೇ ಮಾಡಿದೆವು.

ಸೊಸೆಯು ಸುಮ್ಮನಿರಲಿಲ್ಲ. ಮೊದಲ ವಾರದಲ್ಲಿಯೇ ಒಂದು ದಿನ ಕಾಫಿ ತಂದಿಟ್ಟು ಹೇಳಿದಳು: “ಮಾವ, ಗಾಡಿ ಜೊತೆ ಕೊಟ್ಟ ಪುಸ್ತಕ ಓದಿದೆ. ದಿನವೂ ಪೂರ್ತಿ ತುಂಬಿಸಬೇಕಾಗಿಲ್ಲವಂತೆ. ನನಗೆ ದಿನಕ್ಕೆ ಕಾಲುಭಾಗ ಸಾಕು. ಅದಲ್ಲದೆ ಅಜ್ಜಿಯ ಮಂಚದ ಪಕ್ಕ, ಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ಹಾಕುವುದು ಬೇಡ. ಹಿತ್ತಿಲ ಕಡೆ ಎಲ್ಲಾದರೂ ಏರ್ಪಾಡು ಮಾಡೋಣ.”

ಅದಕ್ಕೆ ನಾವು ಕೊಟ್ಟ ಉತ್ತರವನ್ನು ಈಗ ನೆನೆದರೆ ಮುಖ ತಗ್ಗುತ್ತದೆ. “ಅಮ್ಮಾ, ಪ್ರಯಾಣಕ್ಕೆ ಹೊರಡುವ ಕುದುರೆಯನ್ನು ಅರೆಹೊಟ್ಟೆಯಲ್ಲಿ ಕಳುಹಿಸುವವರುಂಟೆ? ನಿನಗೆ ದಾರಿಯಲ್ಲಿ ನಿಂತುಹೋದರೆ ಗತಿಯೇನು?” ಎಂದೆವು. ಆಕೆ ಇನ್ನೊಂದು ಸಲ ಹೇಳಿದಳು, ಮಗನಿಂದಲೂ ಹೇಳಿಸಿದಳು. ಮನೆಯ ಹಿರಿಯರು ಒಮ್ಮೆ ನಿಶ್ಚಯಿಸಿದುದನ್ನು ಪದೇಪದೇ ಎತ್ತುವುದು ನಮಗೆ ಹಿತವಾಗಲಿಲ್ಲವೆಂಬುದೇ ನಿಜ. ಆಕೆಯು ಸುಮ್ಮನಾದಳು. ಒಪ್ಪಿದಳೆಂದು ನಾವು ತಿಳಿದುಕೊಂಡೆವು.

ಪಡಸಾಲೆಯಲ್ಲಿದ್ದ ಸಾಕೆಟ್ಟು ದೂರವಾದುದರಿಂದ ಮಧ್ಯೆ ಒಂದು ಎಕ್ಸ್‌ಟೆನ್ಷನ್ ಬೋರ್ಡನ್ನು ಬಳಸುತ್ತಿದ್ದೆವು. ಹಬ್ಬದ ದೀಪದ ಸರಗಳಿಗೆಂದು ಎಂದೋ ಬೀದಿಬದಿಯಲ್ಲಿ ಕೊಂಡುದು ಅದು. ಚಳಿಗಾಲದಲ್ಲಿ ನೀರು ಕಾಯಿಸುವ ಕಾಯಿಲ್ಲನ್ನೂ ಅದಕ್ಕೇ ಸಿಕ್ಕಿಸುತ್ತಿದ್ದೆವು.

ಆ ರಾತ್ರಿ ಒಂದೂವರೆ ಗಂಟೆಯ ಸಮಯ. ನಮ್ಮ ತಾಯಿಯವರು ಕೆಮ್ಮುವ ಸದ್ದು ನಮಗೆ ನಿದ್ರೆಯಲ್ಲಿ ಕೇಳಿಸಿತು. ಮಾಘದ ಚಳಿಗೆ ಅವರು ಕೆಮ್ಮುವುದು ಹೊಸದಲ್ಲವಾದ್ದರಿಂದ ಮಗ್ಗುಲು ಬದಲಿಸಿದೆವು. ಸೊಸೆಗೆ ಮಾತ್ರ ವಾಸನೆ ಸಿಕ್ಕಿತು. ಆಕೆ “ಮಾವ!” ಎಂದು ಕೂಗಿಕೊಂಡು ಓಡಿದಳು. ನಾವು ಎದ್ದು ಹೋಗಿ ನೋಡುವಾಗ ಪಡಸಾಲೆಯ ತುಂಬ ಹೊಗೆ. ನೆಲದ ಮೇಲೆ ಆ ಬೋರ್ಡು ಕರಗಿ ಮುದ್ದೆಯಾಗಿ, ಮಧ್ಯದಲ್ಲಿ ಕೆಂಡದಂತೆ ಒಂದು ಕಣ್ಣು. ಅದರ ಕೆಳಗಿದ್ದ ಗೋಣಿತಾಟಿನ ಕಾಲೊರಸು ಹೊತ್ತಿಕೊಳ್ಳುವುದರಲ್ಲಿದ್ದಿತು. ಸೊಸೆಯು ನಡುಮನೆಯಲ್ಲಿದ್ದ ಮೈನ್ ಸ್ವಿಚ್ಚನ್ನು ಕೆಳಕ್ಕೆಳೆದಳು. ಕತ್ತಲೆಯಾಯಿತು. ನಾವು ಮಾಡಿದುದೇನೆಂದರೆ, ಬೀದಿಬಾಗಿಲನ್ನು ತೆರೆಯಲು ಹೋದುದು. ಬಾಗಿಲಿಗೆ ಅಡ್ಡವಾಗಿ ವಾಹನ, ಅದರ ಹ್ಯಾಂಡಲಿಗೆ ಬೀಗ, ಹಿಂದೆ ಒರಗಿಸಿಟ್ಟಿದ್ದ ಹಲಗೆ. ಬೀಗದ ಕೈಗಾಗಿ ಗೋಡೆಯ ಮೊಳೆಯನ್ನು ತಡವುತ್ತ ನಾವು ನಿಂತಿದ್ದಾಗ, ಆಕೆಯು ಮಗುವನ್ನು ಹೆಗಲಿಗೆ ಹಾಕಿಕೊಂಡು, ನಮ್ಮ ತಾಯಿಯವರನ್ನು ತೋಳಿನಲ್ಲಿ ಎತ್ತಿ ಹಿಡಿದು, ಹಿತ್ತಿಲ ಬಾಗಿಲಿಂದ ಬಾವಿಯ ಕಟ್ಟೆಗೆ ಕರೆದೊಯ್ದು ಕೂರಿಸಿದ್ದಳು. ಆಮೇಲೆ ತಿರುಗಿ ಬಂದು, ಉದ್ದನೆಯ ಒಣಕೋಲಿನಿಂದ ಆ ಬೋರ್ಡನ್ನೂ ಕಾಲೊರಸನ್ನೂ ಕಲ್ಲುನೆಲದ ಕಡೆಗೆ ಎಳೆದುಹಾಕಿದಳು.

ದೈವವಶದಿಂದ ಬ್ಯಾಟರಿಗೆ ಏನೂ ಆಗಲಿಲ್ಲ. ತಾಯಿಯವರು ಎರಡು ದಿನ ಕೆಮ್ಮಿ ಚೇತರಿಸಿಕೊಂಡರು. ಮರುದಿನ ಅವರು ನಮ್ಮನ್ನು ಕರೆದು, “ನನ್ನ ಮಂಚವನ್ನು ನಡುಮನೆಗೆ ಹಾಕಿಸು ಮಗು” ಎಂದಷ್ಟೇ ಹೇಳಿದರು. ಸೊಸೆಯು ಅದನ್ನೂ ಹೇಳಲಿಲ್ಲ.

ವೈರಿಂಗ್ ಕೆಲಸ ಮಾಡುವ ನಮ್ಮ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆವು. ಶಬ್ದರೂಪಗಳನ್ನು ಒಪ್ಪಿಸಲಾರದೆ ನಮ್ಮಿಂದ ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು ಆತ. ಕರಗಿದ ಬೋರ್ಡನ್ನು ಕೈಯಲ್ಲಿ ಹಿಡಿದು, ಅತ್ಯಂತ ವಿನಯದಿಂದ ನಮಗೆ ಪಾಠ ಹೇಳಿದನು. “ಮೇಷ್ಟ್ರೇ, ತಪ್ಪು ಬ್ಯಾಟರಿಯದಲ್ಲ, ಇದರದ್ದು. ನಿಮ್ಮ ಕಾಯಿಲ್ಲು 1500 ವ್ಯಾಟಿನದು. ಅದು ಆರೂವರೆ ಆಂಪಿಯರ್ ಎಳೆಯುತ್ತೆ. ಇದು 6 ಆಂಪಿಯರಿನ ಬೋರ್ಡು, ಅದೂ ಹೆಸರಿಗೆ. ಒಳಗಿನ ಹಿತ್ತಾಳೆ ಪಟ್ಟಿ ಬಿಸಿಯಾಗಿ ಬಿಸಿಯಾಗಿ ಸಡಿಲವಾಗಿದೆ. ಸಡಿಲವಾದ ಕಡೆ ಕರೆಂಟು ತಡೆದು ತಡೆದು ಹರಿಯುತ್ತೆ, ಬಿಸಿ ಹುಟ್ಟುತ್ತೆ. ಸ್ಕೂಟರಿನದು ಮೂರೂವರೆ ಆಂಪಿಯರೇ ಇರಬಹುದು. ಆದರೆ ಕಾಯಿಲ್ಲು ಹತ್ತು ನಿಮಿಷ ಇರುತ್ತೆ, ಇದು ಐದು ಗಂಟೆ ಬಿಡದೆ ಹರಿಯುತ್ತೆ.”

ವಿದ್ಯುತ್ ಹರಿವಿನಿಂದ ಹುಟ್ಟುವ ಶಾಖವು ಹರಿವಿನ ವರ್ಗಕ್ಕೂ ತಡೆಗೂ ಅನುಸಾರವಾಗಿರುವುದೆಂದು ಇಂಗ್ಲೆಂಡಿನ ಜೂಲ್ ಎಂಬ ವಿಜ್ಞಾನಿಯು 1840ರ ದಶಕದಲ್ಲಿಯೇ ತೋರಿಸಿಕೊಟ್ಟನಂತೆ. ಪಕ್ಕದ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಇದನ್ನು ಹೇಳುವುದನ್ನು ಗೋಡೆಯಾಚೆಯಿಂದ ಮೂವತ್ತು ವರ್ಷ ಕೇಳಿದ್ದೆವು.

ಶಿಷ್ಯನು ಮಾಡಿಕೊಟ್ಟ ಏರ್ಪಾಡು ಹೀಗಿದೆ. ಮೀಟರಿನ ಬಳಿಯಿಂದ ಕೊಟ್ಟಿಗೆಯವರೆಗೆ ಬೇರೊಂದು ತಂತಿ, ಎರಡೂವರೆ ಚದರ ಮಿಲಿಮೀಟರಿನ ತಾಮ್ರದ್ದು. ಕೊನೆಗೆ 16 ಆಂಪಿಯರಿನ ಮೂರು ಕಣ್ಣಿನ ಸಾಕೆಟ್ಟು. ಹರಿವು ಮಿತಿಮೀರಿದರೆ ತಾನಾಗಿ ಬೀಳುವ ಎಂ.ಸಿ.ಬಿ.; ಅದರ ಜೊತೆಗೆ ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಕಾವಲುಗಾರ. ಈ ಎರಡನೆಯದು, ಹೋದ ವಿದ್ಯುತ್ತು ಪೂರ್ತಿಯಾಗಿ ಹಿಂದಿರುಗದೆ 30 ಮಿಲಿಆಂಪಿಯರಿನಷ್ಟು ಎಲ್ಲಿಯಾದರೂ ಸೋರಿದರೆ, ಎಂದರೆ ಮನುಷ್ಯನ ಮೈಮೂಲಕ ಭೂಮಿಗೆ ಹೋಗತೊಡಗಿದರೆ, ಕಣ್ಣುಮುಚ್ಚಿ ತೆರೆಯುವುದರೊಳಗೆ ಹರಿವನ್ನು ಕಡಿದುಹಾಕುವುದು. ಹಿತ್ತಿಲಲ್ಲಿ ಹೊಸದಾಗಿ ಅರ್ಥಿಂಗ್ ಗುಂಡಿಯನ್ನೂ ತೋಡಿಸಿದೆವು. ಕೊಟ್ಟಿಗೆಯಲ್ಲಿ ಮೂವತ್ತು ವರ್ಷಗಳಿಂದ ತುಂಬಿದ್ದ ತೆಂಗಿನ ಗರಿ, ಹಳೆಯ ಹಾಸಿಗೆ, ಸೀಮೆಣ್ಣೆಯ ಡಬ್ಬಗಳನ್ನು ಹೊರಹಾಕಿದುದೇ ಎರಡು ದಿನದ ಕೆಲಸವಾಯಿತು. ನೆಲಕ್ಕೆ ಕಲ್ಲುಚಪ್ಪಡಿ, ಮೇಲೆ ಹೆಂಚು, ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಬೆಂಕಿಯಾದರೂ ಅದು ಮನೆಯೊಳಗೆ ಬರಬೇಕಾದರೆ ಹಿತ್ತಿಲನ್ನು ದಾಟಬೇಕು. ಪಕ್ಕದ ಓಣಿಯಿಂದ ವಾಹನವನ್ನು ತಳ್ಳಿಕೊಂಡು ಬರಲು ದಾರಿಯೂ ಉಂಟು. ಇಷ್ಟಕ್ಕೂ ಬಿದ್ದ ವೆಚ್ಚವು ಸ್ಕೂಟರಿನ ಬೆಲೆಯಲ್ಲಿ ಒಂದು ಸಣ್ಣ ಪಾಲು. ಕೊಳ್ಳುವ ದಿನವೇ ಇದನ್ನು ಮಾಡಿಸದಿದ್ದುದಕ್ಕೆ ನಮ್ಮ ಬಳಿ ಯಾವ ಸಮಾಧಾನವೂ ಇಲ್ಲ.

ಇನ್ನು ಬ್ಯಾಟರಿಯ ವಿಷಯ. ಮಗನ ಸಹಾಯದಿಂದ ಓದಿ ತಿಳಿದುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಕಡೆ ಗ್ರ್ಯಾಫೈಟು, ಇನ್ನೊಂದು ಕಡೆ ಲಿಥಿಯಮ್ಮು ಸೇರಿದ ಲೋಹದ ಆಕ್ಸೈಡು. ಗ್ರ್ಯಾಫೈಟೆಂದರೆ ತಾಳೆಗರಿಯ ಕಟ್ಟಿನಂತೆ ಪದರಪದರವಾಗಿರುವುದು. ಚಾರ್ಜು ಮಾಡುವಾಗ ಲಿಥಿಯಮ್ಮಿನ ಅಯಾನುಗಳು ಆಕ್ಸೈಡಿನಿಂದ ಹೊರಟು ಬಂದು ಈ ಗರಿಗಳ ಸಂದುಗಳಲ್ಲಿ ಕುಳಿತುಕೊಳ್ಳುವುವು. ವಾಹನ ಓಡುವಾಗ ತಿರುಗಿ ತವರಿಗೆ ಹೋಗುವುವು. 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಗುಡ್‌ಇನಫ್, 1985ರಲ್ಲಿ ಜಪಾನಿನ ಯೋಷಿನೋ ಎಂಬುವರು ಒಬ್ಬರ ಮೇಲೊಬ್ಬರು ಕಟ್ಟಿದ ಈ ವಿದ್ಯೆಯನ್ನು ಸೋನಿ ಕಂಪೆನಿಯು 1991ರಲ್ಲಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು; ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅರವತ್ತಕ್ಕೇ ನಿವೃತ್ತರಾಗಿ ಜಗಲಿಯ ಮೇಲೆ ಕುಳಿತ ನಮ್ಮಂಥವರು ಇದನ್ನು ಸ್ವಲ್ಪ ಯೋಚಿಸಬೇಕಾದುದೇ.

ಗರಿಗಳ ಸಂದುಗಳು ಖಾಲಿಯಿರುವಾಗ ಅಯಾನುಗಳು ಸರಾಗವಾಗಿ ಬಂದು ಸೇರುವುವು. ತುಂಬುತ್ತ ಬಂದಂತೆ ಸ್ಥಳ ಹುಡುಕಬೇಕಾಗುವುದರಿಂದ ಚಾರ್ಜರು ಹರಿವನ್ನು ಕ್ರಮಕ್ರಮವಾಗಿ ತಗ್ಗಿಸಬೇಕು. ಅದಕ್ಕಾಗಿಯೇ ಕೊನೆಯ ಐದರಲ್ಲೊಂದು ಭಾಗಕ್ಕೆ ಮೊದಲಿನ ವೇಗವಿರುವುದಿಲ್ಲ. ಒತ್ತಾಯದಿಂದ ವೇಗವಾಗಿ ತುರುಕಿದರೆ, ಅಥವಾ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಿದರೆ, ಅಯಾನುಗಳು ಒಳಸೇರಲಾರದೆ ಗರಿಯ ಮೇಲೆಯೇ ಲೋಹವಾಗಿ ಕಟ್ಟಿಕೊಳ್ಳುವುವು. ಈ ಕಟ್ಟಿದ ಲೋಹವೇ ಮುಂದೆ ಒಳಗಿನ ತೆರೆಯನ್ನು ಚುಚ್ಚಿ ಅನರ್ಥಕ್ಕೆ ಕಾರಣವಾಗಬಲ್ಲುದು. ಮೈಸೂರಿನಲ್ಲಿ ಅಂಥ ಚಳಿಯಿಲ್ಲ. ನಮಗೆ ಶತ್ರುವೆಂದರೆ ಬಿಸಿಲು, ಮತ್ತು ಅತಿಪೂರ್ಣತೆ. ಸಾಮಾನ್ಯವಾದ ನಿಕ್ಕಲ್ ಮಿಶ್ರದ ಕೋಶವೊಂದು ಪೂರ್ತಿ ತುಂಬಿದಾಗ 4.2 ವೋಲ್ಟಿನಲ್ಲಿ ಬಿಗಿದುಕೊಂಡಿರುವುದು. ಆ ಬಿಗಿತದಲ್ಲಿ, ಅದರಲ್ಲೂ ಬೇಸಗೆಯ ಸೆಕೆಯಲ್ಲಿ, ಗಂಟೆಗಟ್ಟಲೆ ಇರಿಸಿದರೆ ಒಳಗಿನ ದ್ರವವು ಸ್ವಲ್ಪಸ್ವಲ್ಪವಾಗಿ ಕೆಡುತ್ತ, ಬ್ಯಾಟರಿಯ ಆಯುಷ್ಯವು ಸವೆಯುವುದು. ಸೀಸಕ್ಕೆ ಪೂರ್ಣತೆಯು ಆರೋಗ್ಯ. ಲಿಥಿಯಮ್ಮಿಗೆ ಅದು ಆಯಾಸ. ಹಾಗೆಯೇ ಪೂರ್ತಿ ಬರಿದಾಗುವುದೂ ಅದಕ್ಕೆ ಸಲ್ಲದು. ನಡುವಿನಲ್ಲಿರುವುದೇ ಅದಕ್ಕೆ ಸುಖ.

ಇದನ್ನು ಓದಿದಾಗ ನಮಗೆ ವಾಗ್ಭಟನ ನೆನಪಾಯಿತು. ಹೊಟ್ಟೆಯ ಎರಡು ಭಾಗವನ್ನು ಅನ್ನದಿಂದಲೂ ಒಂದನ್ನು ನೀರಿನಿಂದಲೂ ತುಂಬಿ, ನಾಲ್ಕನೆಯದನ್ನು ವಾಯುವಿಗಾಗಿ ಬಿಡಬೇಕೆಂದು ಆತನು ಅಷ್ಟಾಂಗಹೃದಯದಲ್ಲಿ ಹೇಳಿರುವನು. ಈ ವಿಧಿಯನ್ನು ಹಬ್ಬದ ಊಟದ ಪಂಕ್ತಿಗಳಲ್ಲಿ ಎಷ್ಟೋ ಸಲ ಇತರರಿಗೆ ಹೇಳಿದ್ದೆವು. ಸ್ಕೂಟರಿಗೂ ಹೊಟ್ಟೆಯಿರುವುದೆಂದು ಹೊಳೆಯಲಿಲ್ಲ.

ಈಗ ನಮ್ಮ ಮನೆಯ ಕ್ರಮವನ್ನು ಹೇಳುವೆವು. ನಮ್ಮ ವಾಹನದ ಬ್ಯಾಟರಿಯಲ್ಲಿ ಸುಮಾರು 3 ಯೂನಿಟ್ಟು ಹಿಡಿಯುವುದು. 22 ಕಿಲೋಮೀಟರಿಗೆ ಮುಕ್ಕಾಲು ಯೂನಿಟ್ಟಿನಷ್ಟು ವೆಚ್ಚ. ಎಂಬತ್ತರಿಂದ ಹೊರಟರೆ ಎರಡು ದಿನಕ್ಕೆ ಮೂವತ್ತಕ್ಕೆ ಬರುವುದು. ಆದುದರಿಂದ ದಿನಬಿಟ್ಟು ದಿನ ಚಾರ್ಜು. ಸಂಜೆ ಸೊಸೆಯು ಬಂದೊಡನೆ ಮಾಡುವುದಿಲ್ಲ. ಓಡಿಬಂದ ಬ್ಯಾಟರಿಯು ಬಿಸಿಯಾಗಿರುವುದು, ಓಡಿಬಂದ ಎತ್ತಿಗೆ ಒಡನೆಯೇ ನೀರು ಕುಡಿಸಬಾರದೆಂಬಂತೆ. ರಾತ್ರಿಯಂತೂ ಇಲ್ಲವೇ ಇಲ್ಲ. ನಾವು ಹೇಗೂ ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರು. ನಾಲ್ಕೂಮುಕ್ಕಾಲಿಗೆ ಕೊಟ್ಟಿಗೆಗೆ ಹೋಗಿ ಪ್ಲಗ್ಗನ್ನು ಬಿಗಿಯಾಗಿ ಸಿಕ್ಕಿಸಿ ಸ್ವಿಚ್ಚು ಹಾಕಿ, ಬಾವಿಯಲ್ಲಿ ಸ್ನಾನಮಾಡಿ, ಸಂಧ್ಯಾವಂದನೆ ಮುಗಿಸಿ, ಕಾಫಿ ಕುಡಿದು ಪತ್ರಿಕೆ ಓದುವಷ್ಟರಲ್ಲಿ ಏಳು ಗಂಟೆ. ಎಂಬತ್ತರ ಸಮೀಪಕ್ಕೆ ಬಂದಿರುವುದು. ಮಿತಿಯನ್ನು ಗೊತ್ತುಮಾಡಿ ತಾನಾಗಿ ನಿಲ್ಲಿಸುವ ಏರ್ಪಾಡು ಕೆಲವು ವಾಹನಗಳಲ್ಲಿ ಉಂಟು, ನಮ್ಮದರಲ್ಲಿ ಇಲ್ಲ; ಅದಕ್ಕಾಗಿ ಹಳೆಯ ಅಲಾರಂ ಗಡಿಯಾರವೊಂದನ್ನು ಇಟ್ಟುಕೊಂಡಿದ್ದೇವೆ. ತಂಪಾದ ಹೊತ್ತಿನಲ್ಲಿ, ಎಚ್ಚರವಿರುವ ಕಣ್ಣಿನ ಮುಂದೆ, ಹೊರಡುವುದಕ್ಕೆ ಸ್ವಲ್ಪ ಮುಂಚೆ ಮುಗಿಯುವಂತೆ: ಮೂರೂ ಒಟ್ಟಿಗೆ ಕೂಡಿಬಂದುವು. ಅರ್ಧ ಗಂಟೆಯಾದ ಮೇಲೆ ಪ್ಲಗ್ಗನ್ನು ಒಮ್ಮೆ ಮುಟ್ಟಿನೋಡುವುದು ನಮ್ಮ ಅಭ್ಯಾಸ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾರದಷ್ಟು ಬಿಸಿಯಾದರೆ ಅಲ್ಲಿ ಸಡಿಲವುಂಟೆಂದು ಅರ್ಥ.

ಗೋಡೆಯಿಂದ ತೆಗೆದುಕೊಂಡ ವಿದ್ಯುತ್ತೆಲ್ಲವೂ ಬ್ಯಾಟರಿಗೆ ಸೇರುವುದಿಲ್ಲ. ನೂರರಲ್ಲಿ ಹತ್ತು ಹದಿನೈದು ಭಾಗ ಚಾರ್ಜರಿನಲ್ಲಿಯೂ ತಂತಿಯಲ್ಲಿಯೂ ಶಾಖವಾಗಿ ಹೋಗುವುದು. ಆದುದರಿಂದ ಚಾರ್ಜರಿಗೆ ಗಾಳಿಯಾಡಬೇಕು. ಅದನ್ನು ಸೀಟಿನ ಮೇಲೆ ಬಟ್ಟೆ ಹೊದಿಸಿ ಇಡುತ್ತಿದ್ದುದು ಕೂಡ ನಮ್ಮ ಹಿಂದಿನ ಜಾಣತನಗಳಲ್ಲಿ ಒಂದು.

ಇಷ್ಟು ಉತ್ಸರ್ಗ, ಎಂದರೆ ಸಾಮಾನ್ಯ ವಿಧಿ. ವ್ಯಾಕರಣದಲ್ಲಿ ಉತ್ಸರ್ಗವಿದ್ದ ಕಡೆ ಅಪವಾದವೂ, ಅಪವಾದಕ್ಕೆ ಪ್ರತಿಪ್ರಸವವೂ ಇರುವಂತೆ ಇಲ್ಲಿಯೂ ಉಂಟು. ಬ್ಯಾಟರಿಯೊಳಗೆ ಅನೇಕ ಕೋಶಗಳು ಇರುವುವಷ್ಟೆ. ಅವೆಲ್ಲವನ್ನೂ ಸಮನಾಗಿ ನೋಡಿಕೊಳ್ಳುವ ಬಿ.ಎಂ.ಎಸ್. ಎಂಬ ಮೇಸ್ತ್ರಿಯು ಅನೇಕ ವಾಹನಗಳಲ್ಲಿ ಆ ಸಮೀಕರಣವನ್ನು ಪೂರ್ತಿ ತುಂಬುವ ಸಮಯದಲ್ಲಿಯೇ ಮಾಡುವುದು. ಆದುದರಿಂದ ನಮ್ಮ ವಾಹನದ ಪುಸ್ತಕದಲ್ಲಿ ಹೇಳಿರುವಂತೆ ತಿಂಗಳಿಗೆ ಎರಡು ಸಲ ಪೂರ್ತಿ ತುಂಬುತ್ತೇವೆ. ಭಾನುವಾರ, ಮಗನು ಮನೆಯಲ್ಲಿರುವಾಗ. ದೂರಪ್ರಯಾಣವಿದ್ದರೂ ಹಾಗೆಯೇ. ಇನ್ನು ಎಲ್.ಎಫ್.ಪಿ. ಎಂಬ ಇನ್ನೊಂದು ಜಾತಿಯುಂಟು. ಅದರಲ್ಲಿ ಕಬ್ಬಿಣದ ಫಾಸ್ಫೇಟು. ಅದು ಶಾಖವನ್ನು ಹೆಚ್ಚು ಸಹಿಸುವುದು, ಪೂರ್ಣತೆಯನ್ನೂ ಹೆಚ್ಚು ಸಹಿಸುವುದು, ಅದರ ಕೋಶಕ್ಕೆ 3.65 ವೋಲ್ಟೇ ಮಿತಿ. ಅದನ್ನು ಆಗಾಗ್ಗೆ ಪೂರ್ತಿ ತುಂಬಿರೆಂದು ಕೆಲವು ತಯಾರಕರೇ ಹೇಳುವರು. ಇಲ್ಲದಿದ್ದರೆ ಉಳಿದ ಶಕ್ತಿಯೆಷ್ಟೆಂದು ತೋರಿಸುವ ಲೆಕ್ಕವು ತಪ್ಪುವುದು. ಅಂತು ಯಾರ ಮನೆಯ ವಾಹನದಲ್ಲಿ ಯಾವ ಜಾತಿಯಿದೆಯೆಂಬುದು ಆಯಾ ಪುಸ್ತಕದಲ್ಲಿ ಬರೆದಿರುವುದು. ಕೊಂಡ ದಿನ ಆ ಪುಸ್ತಕವನ್ನು ಪೂಜೆಯ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದೆವು. ತೆರೆದು ಓದಿದವಳು ಸೊಸೆ.

ಇದೇ ಕಾರಣದಿಂದ ಒಂದು ವಾಹನದ ಚಾರ್ಜರನ್ನು ಇನ್ನೊಂದಕ್ಕೆ ಹಾಕಬಾರದು. ಮೂತಿಯು ಹೊಂದಿಕೊಂಡರೂ ವೋಲ್ಟು ಹೊಂದಬೇಕೆಂದಿಲ್ಲ. ಮೂಲ ಚಾರ್ಜರು ಕೆಟ್ಟಾಗ ಅಗ್ಗವಾದುದೆಂದು ಹೆಸರಿಲ್ಲದ್ದನ್ನು ಕೊಳ್ಳುವುದೂ, ಬಿ.ಎಂ.ಎಸ್. ಅನ್ನು ಬಿಚ್ಚಿ ರಿಪೇರಿ ಮಾಡಿಕೊಡುವೆನೆಂಬವನ ಕೈಗೆ ಬ್ಯಾಟರಿಯನ್ನು ಕೊಡುವುದೂ ಅಷ್ಟೇ ಅಪಾಯ. ವಾಹನವು ಬಿದ್ದು ಬ್ಯಾಟರಿಗೆ ಪೆಟ್ಟಾಗಿದ್ದರೆ, ಮಳೆಯ ನೀರಿನಲ್ಲಿ ಮುಳುಗಿದ್ದರೆ, ಮೈ ಉಬ್ಬಿದ್ದರೆ, ಪರೀಕ್ಷೆಯಾಗುವವರೆಗೆ ಚಾರ್ಜು ಮಾಡಕೂಡದು. ಬಹಳ ದಿನ ಊರಿಗೆ ಹೋಗುವುದಾದರೆ ಅರ್ಧದಷ್ಟು ಇಟ್ಟು, ಪ್ಲಗ್ಗು ಕಿತ್ತು ಹೋಗುವುದು ಉತ್ತಮ.

ಬ್ಯಾಟರಿಯೇ ಹೊತ್ತಿಕೊಂಡರೆ ಏನು? ಲಿಥಿಯಂ ಬ್ಯಾಟರಿಯ ಬೆಂಕಿಯು ಒಲೆಯ ಬೆಂಕಿಯಂತಲ್ಲ. ಒಂದು ಕೋಶವು ಕೆರಳಿದರೆ ಅದರ ಶಾಖವು ಪಕ್ಕದ ಕೋಶವನ್ನು ಕೆರಳಿಸುವುದು. ಹೀಗೆ ಸಾಲಾಗಿ ಹಬ್ಬುವುದು. ಆ ಹೊಗೆಯು ವಿಷ. ಆರಿತೆಂದುಕೊಂಡ ಮೇಲೆಯೂ ಗಂಟೆಗಳು ಕಳೆದು ತಿರುಗಿ ಹೊತ್ತಬಲ್ಲುದು. ಬುಸುಗುಟ್ಟುವ ಸದ್ದು, ವಿಚಿತ್ರವಾದ ವಾಸನೆ, ಬಿಳಿಹೊಗೆ ಇವುಗಳಲ್ಲಿ ಒಂದು ಕಂಡೊಡನೆ ಕೈಗೆ ಸಿಕ್ಕಿದರೆ ಮೈನ್ ಸ್ವಿಚ್ಚನ್ನು ತೆಗೆದು, ಜನರನ್ನು ಹೊರಗೆ ಕರೆದುಕೊಂಡು, ಬಾಗಿಲನ್ನು ಮುಚ್ಚಿಕೊಂಡು ಹೊರಟುಬಿಡಬೇಕು. ಆಮೇಲೆ 101ಕ್ಕೋ 112ಕ್ಕೋ ಕರೆಮಾಡಬೇಕು. ವಾಹನವನ್ನು ಉಳಿಸುವ ಗೋಜಿಗೆ ಹೋಗಬಾರದು. ನಮ್ಮ ಸೊಸೆಯು ಬೋರ್ಡನ್ನು ಎಳೆದುಹಾಕಿದಂತೆ ಬ್ಯಾಟರಿಯ ಬೆಂಕಿಯಲ್ಲಿ ಮಾಡಲಾಗದು. ಆಕೆಯೇ ಇದನ್ನು ಬರೆಯಹೇಳಿದಳು.

2022ರ ಬೇಸಗೆಯಲ್ಲಿ ನಮ್ಮ ದೇಶದ ಹಲವು ಕಡೆ ವಿದ್ಯುತ್ ಸ್ಕೂಟರುಗಳು ಹೊತ್ತಿದ ಸುದ್ದಿ ಬಂದುದು ವಾಚಕರಿಗೆ ನೆನಪಿರಬಹುದು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೊಟೇಲೊಂದರ ಕೆಳಭಾಗದಲ್ಲಿದ್ದ ಇಂಥ ವಾಹನಗಳ ಮಳಿಗೆಯಲ್ಲಿ ಎದ್ದ ಬೆಂಕಿಯ ಹೊಗೆಯು ಮೆಟ್ಟಿಲ ದಾರಿಯಿಂದ ಮೇಲಕ್ಕೇರಿ, ಕೋಣೆಗಳಲ್ಲಿದ್ದವರಲ್ಲಿ 8 ಜನ ತೀರಿಕೊಂಡರು. ಅದೇ ಡಿಸೆಂಬರಿನಿಂದ ಬ್ಯಾಟರಿಗಳ ಸುರಕ್ಷತೆಗೆ ಸರ್ಕಾರವು ಎ.ಐ.ಎಸ್. 156 ಎಂಬ ನಿಯಮವನ್ನು ಬಿಗಿಪಡಿಸಿತು. ಎರಡನೆಯ ಹಂತವು 2023ರ ಮಾರ್ಚಿ ಕೊನೆಗೆ ಜಾರಿಗೆ ಬಂದಿತು. ಈಚಿನ ವಾಹನಗಳು ಹಿಂದಿನವಕ್ಕಿಂತ ಭದ್ರವೆಂಬುದು ನಿಜ. ಆದರೆ ವಾಹನವನ್ನು ಮನೆಯ ಯಾವ ಮೂಲೆಯಲ್ಲಿ ನಿಲ್ಲಿಸಬೇಕೆಂಬುದಕ್ಕೂ, ಹಬ್ಬದ ದೀಪದ ಬೋರ್ಡಿಗೂ ಯಾವ ಸರ್ಕಾರವೂ ಹೊಣೆಯಾಗಲಾರದು.

ಸೊಸೆಗೆ ನಾವು ಕ್ಷಮೆ ಕೇಳಿದೆವೆ ಎಂದು ಕೆಲವರು ಕೇಳಬಹುದು. ನಮ್ಮ ತಲೆಮಾರಿನವರಿಗೆ ಅದು ಅಷ್ಟು ಸುಲಭವಲ್ಲ. ಕೊಟ್ಟಿಗೆ ಸಿದ್ಧವಾದ ದಿನ ಸ್ವಿಚ್ಚನ್ನು ಮೊದಲು ಆಕೆಯೇ ಹಾಕಬೇಕೆಂದು ಕರೆದು, “ಅಮ್ಮಾ, ನೀನು ಹೇಳಿದಾಗಲೇ ಕೇಳಬೇಕಾಗಿತ್ತು” ಎಂದೆವು. ಆಕೆ, “ಹೋಗಲಿ ಬಿಡಿ ಮಾವ, ಅಜ್ಜಿಗೆ ಏನೂ ಆಗಲಿಲ್ಲವಲ್ಲ” ಎಂದು ಸ್ವಿಚ್ಚು ಹಾಕಿದಳು. ಅಂದಿನಿಂದ ನಮ್ಮ ತಾಯಿಯವರು ಕೊಟ್ಟಿಗೆಯಲ್ಲಿ ತಿರುಗಿ ಹಸು ಬಂದಿದೆಯೆಂಬಂತೆ, ಬೆಳಿಗ್ಗೆ ನಾವು ಒಳಗೆ ಬಂದೊಡನೆ “ಅದಕ್ಕೆ ಮೇವು ಹಾಕಿದೆಯಾ ಮಗು?” ಎಂದು ಕೇಳುವರು.

ನಮ್ಮ ಬೀದಿಯ ಕೊನೆಯ ಮನೆಯವರು ಹೋದ ತಿಂಗಳು ಇಂಥದೇ ವಾಹನವನ್ನು ತಂದಿರುವರು. ಅದನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ಮೇಲಿನಿಂದ ಇಳಿಬಿಟ್ಟ ತಂತಿಯಿಂದ ರಾತ್ರಿಯೆಲ್ಲ ಚಾರ್ಜು ಮಾಡುವುದನ್ನು ನಾವೇ ಕಂಡಿದ್ದೇವೆ. ಎರಡು ಸಲ ಹೇಳಿದೆವು. ಮೇಷ್ಟ್ರಿಗೆ ವಯಸ್ಸಾಯಿತೆಂಬಂತೆ ನಕ್ಕರು. ಆ ಮನೆಯ ಯಜಮಾನರಿಗೆ ನಮ್ಮದೇ ವಯಸ್ಸು. ಆದುದರಿಂದ ಆ ನಗೆಯ ಅರ್ಥ ನಮಗೆ ಚೆನ್ನಾಗಿ ತಿಳಿದಿದೆ. ಈ ಸಂಜೆ ಸೊಸೆಯನ್ನೂ, ಆ ಕರಗಿದ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಮೂರನೆಯ ಸಲ ಹೋಗುವೆವು. ಅವರ ಮಕ್ಕಳು ಮಹಡಿಯಲ್ಲಿ ಮಲಗುವರು. ಇಳಿದುಬರಲು ಅದೊಂದೇ ಮೆಟ್ಟಿಲು.